ಒಲೆ ಹೊತ್ತಿಸುವವಳ ಲೆಕ್ಕ

ಬೂಟು ಬಿಚ್ಚಿ ಇಲ್ಲಿಡಿ, ಟ್ರೋಂದುರ್ ಪಾದ್ರಿಗಳೇ, ಒಣಗಲಿ.
ದೋಣಿ ಇಳಿದು ಬಂದವರಿಗೆ ಕಾಲು ಮೊದಲು, ಬಾಯಿ ಆಮೇಲೆ.
ಈ ದ್ವೀಪದ ಸಭೆಗೆ ಎಂಥ ಪ್ರಸಂಗ ಒಗ್ಗುತ್ತದೆಂದು
ನೀವು ಕೇಳಿದ್ದು ಚರ್ಚಿನ ಒಲೆ ಹೊತ್ತಿಸುವವಳನ್ನು.
ನಿಮಗಿಂತ ಮುಂಚೆ ಬಂದವರು ಯಾರೂ ಕೇಳಲಿಲ್ಲ.
ನನಗೆ ಅವರೆಲ್ಲರ ಅಳತೆ
ಜೌಗುಮಣ್ಣಿನ ಒಣಹೆಂಟೆಗಳಲ್ಲಿ.

ನಾನು ಚಿಕ್ಕವಳಿದ್ದಾಗಿನವರು ಡೇನಿಷ್‌ನಲ್ಲಿ, ಒಂಬತ್ತು ಹೆಂಟೆ.
ದೇವರಿಗೆ ನಮ್ಮ ಮಾತು ಬಾರದೆಂದೇ ಅಜ್ಜಿ ನಂಬಿದ್ದಳು;
ಸಾಯುವ ಭಯವಿರಲಿಲ್ಲ ಅವಳಿಗೆ,
ಅಲ್ಲಿ ವ್ಯಾಕರಣ ತಪ್ಪೀತೆಂಬ ಭಯ.
ನಮ್ಮ ಭಾಷೆ ಏನಿದ್ದರೂ ಕುರಿಗಳನ್ನು ಬೈಯಲು.

ಆಮೇಲಿನವರು ಗುಡುಗು.
ನರಕವನ್ನು ಎಷ್ಟು ಚೆನ್ನಾಗಿ ಕಾಯಿಸುತ್ತಿದ್ದರೆಂದರೆ
ಫೆಬ್ರುವರಿ ತಿಂಗಳಲ್ಲಿ ಜನ
ಆ ಜಾಗದ ವಿಷಯ ಸ್ವಲ್ಪ ಆಸೆಯಿಂದಲೇ ಕೇಳುತ್ತಿದ್ದರು.
ಹೇಳಬಾರದು, ಹೇಳಿಬಿಟ್ಟೆ.

ಇನ್ನೊಬ್ಬರು ಬೆರಳು ಮಡಚಿ ಅಂಶ ಒಂದು, ಅಂಶ ಎರಡು.
ಎರಡಕ್ಕೆ ಸಭೆಯ ಹಿರಿಯ ಹಾನುಸ್ ಗೊರಕೆ ಹೊಡೆಯುತ್ತಿದ್ದ,
ಅವನನ್ನು ತಿವಿಯುವುದರಲ್ಲಿ ಮೂರನೆಯದು ನನಗೆಂದೂ ಕೇಳಲಿಲ್ಲ.
ರಕ್ಷಣೆ ಅದರಲ್ಲೇ ಇತ್ತೋ ಏನೋ.

ನಿಮ್ಮಂಥ ಒಬ್ಬ ಹುಡುಗರು ಬಂದರು. ಒಳ್ಳೆಯವರು.
ಬೆಸ್ತರಿಗೆ ಬಲೆಯ ಮಾತೇ ಸರಿಯೆಂದು
ದೋಣಿಯಲ್ಲೇ ತೀರ್ಮಾನಿಸಿದ್ದರು ಅಂತ ಕಾಣುತ್ತದೆ.
ಹನ್ನೊಂದು ಭಾನುವಾರ ಬಲೆ, ಗಾಳ, ಹುಟ್ಟು, ಲಂಗರು,
ಲಂಗರಿಗೆ ಹಾಕಿದ ಗಂಟೂ ತಪ್ಪು.
ಹನ್ನೆರಡನೆಯದಕ್ಕೆ ಸುನ್ವಾ ಬಾಗಿಲಲ್ಲಿ ತಡೆದಳು,
ಉಪ್ಪಿಗೆ ಸೀಳಿದ ಅಂಗೈ ಅವರ ಕೈಯಲ್ಲಿಟ್ಟು:
"ಆರು ದಿನ ಮೀನಿನ ಕರುಳು ತೆಗೆದು ಬರುತ್ತೇನೆ,
ಏಳನೆಯ ದಿನವೂ ಅದನ್ನೇ ತೆಗೆಸುತ್ತೀರಿ.
ಅಂಜೂರ ಅಂದರೆ ಏನು, ಅದು ಹೇಳಿ.
ಮರದ ನೆರಳಲ್ಲಿ ಕೂತರೆ ಹೇಗಿರುತ್ತದೆ?
ಈ ದ್ವೀಪದಲ್ಲಿ ಒಂದೇ ಒಂದು ಮರವಿದ್ದರೆ ತೋರಿಸಿ."

ಪಾಪ, ಅಂಜೂರ ಅವರೂ ಕಂಡವರಲ್ಲ.
ಪತ್ರ ಬರೆದು ತರಿಸಿದರು, ಕ್ರಿಸ್‌ಮಸ್ಸಿಗೆ ಒಂದು ಪೆಟ್ಟಿಗೆ,
ಒಣಗಿ ಮುದುಡಿದವು, ತಲೆಗೊಂದು.
ಪ್ರಸಂಗ ಎರಡೇ ಹೆಂಟೆಗೆ ಮುಗಿಯಿತು.
ಚರ್ಚಿನ ತುಂಬ ಬರೀ ಅಗಿಯುವ ಸದ್ದು.
ಸುನ್ವಾ ಬಹಳ ಹೊತ್ತು ಅಗಿದು, "ಮರಳು" ಅಂದಳು.
ಆದರೂ ತೊಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಮತ್ತೆ ಜನವರಿ. ತೆರ್ನಾ ದೋಣಿ ಮರಳದ ವಾರ.
ಅಲೆ ಎದ್ದು ಪಾದ್ರಿಗಳು ದಾಟಿ ಬರಲಾಗಲಿಲ್ಲ.
ಅಂಥ ದಿನ ಹಿರಿಯರು ಹಳೆಯ ಪುಸ್ತಕದಿಂದ
ಆ ಭಾನುವಾರದ ಪ್ರಸಂಗ ಓದಬೇಕು, ಇದ್ದದ್ದು ಇದ್ದಂತೆ.
ಆ ಭಾನುವಾರದ್ದು ಮದುವೆ ಮನೆ.
ಹಾನುಸ್ ಓದಿದ. ಅವನ ಧ್ವನಿ ನಿಮಗೆ ಗೊತ್ತಿಲ್ಲ,
ಹಲಗೆಯ ಮೇಲೆ ಹಲಗೆ ಎಳೆದ ಹಾಗೆ.
ದ್ರಾಕ್ಷಾರಸ ಮುಗಿದುಹೋದದ್ದು ಓದಿದ,
ತಾಯಿ ಬಂದು ಹೇಳಿದ್ದು ಓದಿದ,
ಕಲ್ಲಿನ ಬಾನಿಗಳು ಆರು ಎಂಬಲ್ಲಿ
ಬೆರಳಿಟ್ಟು ನಿಂತ.
ದೋಣಿಯಲ್ಲಿ ಆರು ಜನ. ಒಬ್ಬ ಅವನ ಮಗ.
ಗಾಳಿಗೆ ಛಾವಣಿಯ ಹುಲ್ಲು ಮಲಗಿ ಏಳುವುದು ಕೇಳುತ್ತಿತ್ತು.
ಬೆರಳು ಸರಿಸಿದ. ಮುಂದಿನ ಸಾಲು ಓದಿದ.
ಕೊನೆಯವರೆಗೂ ಓದಿದ, ಆಮೆನ್ ಅಂದ, ಇಳಿದ.

ಅದು ಯಾವ ಶೈಲಿಯೋ, ಓದಿದವರು ನೀವು ಹೇಳಬೇಕು.
ಅವತ್ತು ಹೆಂಟೆ ಹಾಕುವುದನ್ನೇ ಮರೆತಿದ್ದೆ.
ಒಲೆ ಆರಿದ್ದು ನೋಡಿದ್ದು ಸೋಮವಾರ.

ತಗೊಳ್ಳಿ, ಒಣಗಿದೆ. ಎಡಗಾಲಿನದರ ಹೊಲಿಗೆ ಬಿಟ್ಟಿದೆ,
ಸುನ್ವಾಳ ಹತ್ತಿರ ಮೇಣದ ದಾರವಿದೆ, ಕೇಳಿ.
ಕಿಟಕಿಯ ಪಕ್ಕದವರಿಗೆ ಕಿವಿ ಮಂದ.
ಪೀಠದ ನಾಲ್ಕನೆಯ ಮೆಟ್ಟಿಲು ಅಲುಗುತ್ತದೆ,
ಕೆಳಗೆ ನೋಡಿಕೊಂಡು ಹತ್ತಿ.
ನಾಳೆಗೆ ಎಷ್ಟು ಹೆಂಟೆ ತರಲಿ?