ರಸಮಟ್ಟ ಚೀಲದಲ್ಲೇ ಇತ್ತು

ಮೊಂತಿಯಾದಲ್ಲಿ ಜುಲೈ ತಿಂಗಳು ಯಾರೂ ನೆಲದ ಕೆಲಸ ಹಿಡಿಯುವುದಿಲ್ಲ.
ಗಾರೆ ಕೂರುವ ಮೊದಲೇ ಒಣಗಿ ಬಾಯಿ ಬಿಡುತ್ತದೆ.
ಆದರೂ ಕಸಿಲ್ದಾ ಹೇಳಿ ಕಳಿಸಿದಳು: ಕಲ್ಲು ತಾ, ಹಾಸಬೇಡ.
ಆರಿಸುವುದು ಬಿಸಿಲಲ್ಲೇ.
ಮಾರ್ಚಿನಲ್ಲಿ ಎಲ್ಲ ಕಲ್ಲೂ ಸಂಭಾವಿತರು.

ಕೈಗಾಡಿಯಲ್ಲಿ ಆರು ತುಂಡು ಒಯ್ದೆ.
ಮಕಾಯೆಲ್‌ನ ಬಿಳಿ ಅಮೃತಶಿಲೆ,
ಸುಟ್ಟ ಮಣ್ಣಿನ ಹೆಂಚು, ಯಂತ್ರದ್ದೊಂದು ಕೈಯದ್ದೊಂದು,
ಬೂದು ಕಾಂಕ್ರೀಟು,
ಹೊಳೆಗಲ್ಲು ನಿಲ್ಲಿಸಿದ ಗಾರೆಯ ಹಲಗೆ,
ಮತ್ತೆ, ಅಂಗಡಿಯವನ ಬಲವಂತಕ್ಕೆ,
ಮರದಂತೆ ನಟಿಸುವ ಪಿಂಗಾಣಿ.

ಮಧ್ಯಾಹ್ನ ಮೂರಕ್ಕೆ ಸಾಲಾಗಿಟ್ಟು
ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ನಿಂತಳು,
ಬಾಯಲ್ಲೇ ಎಣಿಸುತ್ತ.
ಕಾಂಕ್ರೀಟು ನಾಲ್ಕಕ್ಕೇ ಕುಣಿಸಿತು.
ಪಿಂಗಾಣಿ ಎರಡಕ್ಕೆ.
ಅಮೃತಶಿಲೆ ತಂಪು, ನಿಜ,
ಒಂದು ಲೋಟ ನೀರು ಬಿದ್ದದ್ದೇ ತಡ ಹಾವುಮೀನು.
ಅದರ ಮೇಲೆ ಎಣ್ಣೆ ಸುರಿದಳು, ವಿನೆಗರ್ ಸುರಿದಳು,
ಉಳಿದ ಕಲೆ ತೋರಿಸಿ
“ನಮ್ಮ ನಾದಿನಿ ಥರ, ಏನನ್ನೂ ಮರೆಯೋದಿಲ್ಲ” ಅಂದಳು.

ನಾನು ನನ್ನ ಪಾಠ ಒಪ್ಪಿಸಿದೆ:
ಗಜಕ್ಕೆ ಐದು ನೂಲು ಇಳಿಜಾರು,
ಸಂದು ಕಿರುಬೆರಳಿನಷ್ಟು,
ನೀರು ಗೋಡೆಯ ಕಡೆ ತಿರುಗಿಯೂ ನೋಡಬಾರದು.

ನಿಂಬೆಮರದ ಕೆಳಗೆ ಎವಾರಿಸ್ತೊ,
ಟೋಪಿ ಹುಬ್ಬಿನವರೆಗೆ. ನಿದ್ದೆ ಅಂದುಕೊಂಡಿದ್ದೆ.
“ಚಪ್ಪಲಿ ಹಾಕ್ಕೊಂಡು ಮೂರನೆಯದನ್ನ ಇನ್ನೊಮ್ಮೆ ಹತ್ತು,” ಅಂದ.

ಕಸಿಲ್ದಾ ನನ್ನ ಕಡೆ ನೋಡಲಿಲ್ಲ.
ಕೈಯಚ್ಚಿನ ಹೆಂಚು ಅದು. ಕೆಂಪೂ ಅಲ್ಲ, ಹಳದಿಯೂ ಅಲ್ಲ.
ಮೂಲೆಯಲ್ಲಿ ನಾಯಿಯ ಪಂಜ,
ಒಣಗಲಿಟ್ಟಾಗ ಹಾದುಹೋದದ್ದು ಯಾವುದೋ.
ಅಂಥವನ್ನು ನಾವು ಬೀರುವಿನ ಅಡಿಗೆ ತಳ್ಳುತ್ತೇವೆ.
ಹತ್ತಿದಳು.
ಖಾಲಿ ಮಡಕೆಗೆ ಬೆರಳು ತಾಗಿದ ಸದ್ದು.

“ಈಗ ಹೊಳೆಗಲ್ಲು.”
ಕರಕರ.
“ಅದು ಬಾವಿಯ ಸುತ್ತ. ಹೆಂಚು ಬಾಗಿಲಿಂದ ಈ ಮರದವರೆಗೆ.
ಕಾಂಕ್ರೀಟು ಬೇಕಿದ್ದರೆ ಬಟ್ಟೆ ಒಗೆಯೋ ಮೂಲೆಗೆ.
ಎಲ್ಲಿದ್ದೀ, ಎಲ್ಲಿದ್ದೀ ಅಂತ ಕೂಗೋದು ತಪ್ಪುತ್ತೆ.”

ಹೊಳೆಗಲ್ಲು ಎಡವುತ್ತೆ, ಎವಾರಿಸ್ತೊ, ಅಂದೆ.
“ಎಡವಲಿ. ಬಾವಿಗಿಂತ ಮೊದಲು ಎಡವಬೇಕು.”

ಆಗ ನೆನಪಾಯಿತು:
ನಾನು ಒಳಗೆ ಬಂದಾಗ ಎರಡು ಸಲ ಯಾರು ಅಂದಿದ್ದ.
ಅವನ ಮದುವೆಯಲ್ಲಿ ಉಂಗುರದ ತಟ್ಟೆ ಹಿಡಿದವನು ನಾನು.

ನಲವತ್ತು ವರ್ಷ ರಸಮಟ್ಟದ ಗುಳ್ಳೆ ನೋಡಿಕೊಂಡೇ ಹಾಸಿದವನು.
ಬಣ್ಣ ಕೇಳಿದ್ದಾರೆ, ಬೆಲೆ ಕೇಳಿದ್ದಾರೆ,
ಪಾಚಿ ಕಟ್ಟುತ್ತದೆಯೇ, ಕುರ್ಚಿಯ ಕಾಲಿಗೆ ಗೀರು ಬೀಳುತ್ತದೆಯೇ.
ಸದ್ದನ್ನು ಯಾರೂ ಕೇಳಿರಲಿಲ್ಲ.
ನಾನೂ.

ಅಕ್ಟೋಬರಿನಲ್ಲಿ ಬರುತ್ತೇನೆ ಅಂದೆ, ದ್ರಾಕ್ಷಿ ಕೊಯ್ಲು ಮುಗಿಯಲಿ.
ಪಂಜದ ಹೆಂಚನ್ನು ಗಾಡಿಗೆ ಹಾಕಲು ಬಿಡಲಿಲ್ಲ ಅವಳು.
ಅವನ ಕುರ್ಚಿಯ ಮುಂದೆ ಎಳೆದಿಟ್ಟಳು.
ಅವನು ಬೂಟು ಕಳಚಿ
ಹೆಬ್ಬೆರಳಲ್ಲಿ ಆ ನಾಲ್ಕು ಗುಳಿಗಳನ್ನು ಹುಡುಕುತ್ತಿದ್ದ,
ಇನ್ನೂ ಕಾದಿತ್ತು ಹೆಂಚು,
ಕಾಲು ತೆಗೆಯುತ್ತ, ಮತ್ತೆ ಇಡುತ್ತ.

ಅಮೃತಶಿಲೆಯ ಕಲೆಗೆ ಅಂಗಡಿಯವನು ಹನ್ನೊಂದು ಯೂರೋ ಹಿಡಿದುಕೊಂಡ.