ಕೊನೆಯ ಒಂದು ಗಂಟೆ

ಐದರಿಂದ ಆರು, ಸೋಂಕು ಇದ್ದವರಿಗೆ.
ಬೆಂಗರೆ ಶಾಲೆ, ಎರಡನೇ ಬೂತು.
ಏಜೆಂಟರೆಲ್ಲ ಚಾ ಕುಡಿಯಲು ಎದ್ದರು,
ನಾನು ಪ್ಲಾಸ್ಟಿಕ್ ಅಂಗಿಯೊಳಗೆ ಬೇಯುತ್ತ ಕೂತೆ.

ಬಂದದ್ದು ಒಬ್ಬರೇ, ಬೀಡಿ ಕಟ್ಟುವ ಜಲಜಾಕ್ಷಿ.
ಮಾಸ್ಕ್ ಇಳಿಸಿ ಎಂದೆ. ಇಳಿಸಿದರು.
ಕಾರ್ಡಿನ ಫೋಟೋದಲ್ಲಿದ್ದ ಕೆನ್ನೆ
ಮುಖದಲ್ಲಿ ಇರಲಿಲ್ಲ.

ತಲೆಕೆಳಗಾಗಿ ಪಟ್ಟಿ ಓದಿ,
"ನಾನ್ನೂರ ಹನ್ನೊಂದು ನಮ್ಮವರದ್ದು, ಹಾಗೇ ಉಂಟಲ್ಲ!"
ಬೋಳೂರಿನಲ್ಲಿ ಸುಡುವಾಗ
ಗೇಟಿನಾಚೆ ನಿಲ್ಲಿಸಿದ್ದರಂತೆ.
ಸರಕಾರ ಇಲ್ಲಿ ಮಾತ್ರ
ಗಂಡ ಹೆಂಡತಿಯನ್ನು ಒಟ್ಟಿಗೆ ಇಟ್ಟಿದೆ,
ಒಂದು ಗೆರೆಯ ಅಂತರದಲ್ಲಿ.

ತಂಬಾಕು ಹಿಡಿದ ಬೆರಳಲ್ಲಿ
ಶಾಯಿಗೆ ಜಾಗ ಹುಡುಕಿದೆ.

ಯಂತ್ರ ಉದ್ದಕ್ಕೆ ಕೂಗಿತು.
ಮರೆಯಿಂದ ಬಂದವರು ಮೆಲ್ಲಗೆ ಹೇಳಿದರು:
"ಅವರು ಯಾರಿಗೆ ಹಾಕುತ್ತಿದ್ದರೋ,
ನನಗೂ ಹೇಳಿದವರಲ್ಲ, ಟೀಚರೇ."

ಆರಕ್ಕೆ ಎರಡು ನಿಮಿಷ. ಏಜೆಂಟರು ಬಾಗಿಲಲ್ಲೇ ನಿಂತು
ಕೇಳಿದರು: ಎಷ್ಟಾಯಿತು?