ನಾನೂರೈವತ್ತು

ಸೇಡಂ ರಸ್ತೆಯ ಲ್ಯಾಬಿನಲ್ಲಿ, ರಕ್ತ ಇಡುವ ಫ್ರಿಜ್ಜಿನ ಮಗ್ಗುಲಿಗೆ,
ನೀರಿನ ಕ್ಯಾನಿಗಿಂತ ಎತ್ತರವಿಲ್ಲದ ಒಂದು ಲಿನಕ್ಸ್ ಪೆಟ್ಟಿಗೆ.
ಮುನ್ನೂರ ಹದಿನೇಳು ಪತ್ರ ಹೊಟ್ಟೆಯೊಳಗಿಟ್ಟುಕೊಂಡು
ಮೂರು ದಿನದಿಂದ ಸುಮ್ಮನೆ ಗುಂಯ್‌ಗುಡುತ್ತಿದೆ.

ಜೇವರ್ಗಿಯ ಡಾಕ್ಟರದು ಮಧ್ಯಾಹ್ನದಿಂದ ಹನ್ನೊಂದು ಫೋನು.
ಚಿತ್ತಾಪುರದ ಬಾಣಂತಿಯ ಥೈರಾಯ್ಡು, ಯಾರದೋ ಕಿಡ್ನಿ,
ಯಾರದೋ ಸಕ್ಕರೆ, ಎಲ್ಲ ಸರತಿಯಲ್ಲಿ.
ಇಪ್ಪತ್ತೈದನೇ ಪೋರ್ಟು ತಟ್ಟಿ ನೋಡಿದೆ,
ಆಚೆಯವನು ಓಗೊಡುತ್ತಾನೆ.
ಡಿಸ್ಕಿನಲ್ಲಿ ಜಾಗವೂ ಇದೆ.
ಹಾವನ್ನು ತಲೆಯಿಂದ ಹಿಡಿಯಬೇಕು, ಲಾಗನ್ನು ಬಾಲದಿಂದ:
ಸಾಲು ಸಾಲಿಗೂ ಒಂದೇ ಅಂಕಿ, ನಾನೂರೈವತ್ತು.

ಐನೂರು ಚಿಲ್ಲರೆ ಆಗಿದ್ದರೆ, ಹೋಗು, ಮತ್ತೆ ಬರಬೇಡ ಎಂದರ್ಥ.
ನಾನೂರು ಚಿಲ್ಲರೆ ಅಂದರೆ ಕಚೇರಿ ಜವಾನನ ಮಾತು:
ಈಗಲ್ಲ, ನಾಳೆ ಬಾ.
ನಾಳೆಯೂ ಅದೇ.

ಭೀಮಶಾ ಚಹಾ ತಂದಿಟ್ಟ. ಈ ರಾತ್ರಿ ಕಾವಲಿಗೆ ಮುಂಚೆ
ವಾಡಿ ಜಂಕ್ಷನ್ನಿನಲ್ಲಿ ಟಪಾಲು ಚೀಲ ವಿಂಗಡಿಸುತ್ತಿದ್ದವ.
"ಏನಂತದ್ರಿ ಮೇಡಂ ಅದು?"
ಯಾರು ನೀನು ಅಂತ ಕೇಳುತ್ತಾರೆ, ಇದು ಹೇಳುತ್ತದೆ,
ಅಂಥ ಹೆಸರಿನವರೇ ಇಲ್ಲ ಅನ್ನುತ್ತಾರೆ.
"ಅಂಥಾದ್ದೇನ್ ಹೇಳ್ತದ?"

ಸೆಟ್ಟಿಂಗಿನ ಕಡತ ತೆರೆದೆ.
ನನಗಿಂತ ಮುಂಚಿನವನು ಬರೆದಿಟ್ಟು ಹೋದ ಸಾಲು:
ಮೇಲ್ ಚುಕ್ಕಿ ಗುಲ್ಬರ್ಗಾ ಲ್ಯಾಬ್.
ಊರಿನ ಬೋರ್ಡು ಬದಲಾಯಿತು, ಸ್ಟೇಷನ್ನಿನದೂ,
ನಮ್ಮ ಗಾಜಿನ ಬಾಗಿಲಿನದೂ.
ಹಳೆ ಹೆಸರಿಗೆ ವರ್ಷದ ದುಡ್ಡು ಕಟ್ಟುವುದನ್ನು
ಹೋದ ಸೋಮವಾರ ಯಾರೋ ನಿಲ್ಲಿಸಿದರು.
ಇದಕ್ಕೆ ಮಾತ್ರ ಯಾರೂ ತಿಳಿಸಲಿಲ್ಲ.
ಕಂಡವರ ಹೊಸ್ತಿಲಲ್ಲಿ ನಿಂತು ಹೇಳುತ್ತಲೇ ಇದೆ,
ನಾನ್ರೀ, ಗುಲ್ಬರ್ಗಾದಿಂದ.

ಭೀಮಶಾ ನಕ್ಕ. "ನಮ್ಮ ಕೈಯಾಗ ಗುಲ್ಬರ್ಗಾ ಬಂದ್ರೂ,
ಕಲಬುರಗಿ ಬಂದ್ರೂ, ಉರ್ದುದಾಗ ಬರ್ದಿದ್ರೂ,
ಎಲ್ಲಾ ಒಂದೇ ಚೀಲಕ್ಕ ಹೋಗ್ತಿತ್ತು.
ಒಮ್ಮೆ 'ದರ್ಗಾದ ಊರು' ಅಂತ ಅಷ್ಟೇ ಇತ್ತು ನೋಡ್ರಿ.
ಮುಟ್ಟಿಸಿದ್ವಿ."

ಇಂಗ್ಲಿಷಿನ ಎಂಟಕ್ಷರ ಅಳಿಸಿದೆ, ಹತ್ತಕ್ಷರ ಹೊಡೆದೆ.
ಲೈನಿನ ಕಂಪನಿಯವನು ತನ್ನ ದಫ್ತರದಲ್ಲಿ
ಮೊದಲೇ ಸರಿ ಬರೆದುಕೊಂಡಿದ್ದ, ಪುಣ್ಯ.
ರೀಲೋಡ್. ಆಮೇಲೆ ಸರತಿಗೆ ಬೆನ್ನಿಂದ ಒಂದು ತಳ್ಳು.

ಮುನ್ನೂರ ಹದಿನೇಳು. ಇನ್ನೂರ ನಾಲ್ಕು.
ಎಂಬತ್ತು. ಹತ್ತೊಂಬತ್ತು.
ಒಂದು ಹಿಂದಕ್ಕೆ ಬಂತು, ವಿಳಾಸದಲ್ಲೇ ಅಕ್ಷರ ಬಿಟ್ಟಿದ್ದರು.
ಜೇವರ್ಗಿಯಿಂದ ಮಾತಿಲ್ಲ, ಒಂದು ಹೆಬ್ಬೆರಳು.

ಚೀಲ ಹೆಗಲಿಗೇರಿಸುವಾಗ ಪರದೆಯ ಮೇಲೊಂದು ಸಾಲು:
ನಿಮಗೆ ಹೊಸ ಪತ್ರವಿದೆ.
ಯಾರಿಂದ? ಈ ಪೆಟ್ಟಿಗೆಯಿಂದ. ಯಾರಿಗೆ? ಈ ಪೆಟ್ಟಿಗೆಗೇ.
ದಿನಾ ರಾತ್ರಿ ಎರಡಕ್ಕೊಂದು, ನಾಲ್ಕು ವರ್ಷದ್ದು,
ಇದಕ್ಕೆ ಯಾರ ಹೊಸ್ತಿಲೂ ಬೇಕಿರಲಿಲ್ಲ.
ಮೊದಲನೆಯದನ್ನು ತೆರೆದೆ: ಬ್ಯಾಕಪ್ ಆಗಲಿಲ್ಲ.
ಕೊನೆಯದನ್ನು ತೆರೆದೆ.

"ಮುಗೀತೇನ್ರಿ?" ಭೀಮಶಾನ ಕೈಯಲ್ಲಿ ಕೀಲಿಗೊಂಚಲು.
ಚೀಲ ಕೆಳಗಿಟ್ಟೆ.
ಇನ್ನೊಂದು ಕಪ್ ಚಹಾ ಸಿಗ್ತದೇನು, ಭೀಮಶಾ?